ಸೈಕಲ್ ಸರಪಳಿಯ ಸವೆತ

ಸೈಕಲ್ ಸರಪಳಿಯ ಸವೆತ ಎಂದರೆ ಬಳಕೆಯಿಂದ ಸರಪಳಿಯ (ಚೈನಿನ) ಪಿನ್ನುಗಳೂ ಅವು ತಿರುಗುವ ಬುಷ್‌ಗಳೂ ತೇಯ್ದು, ಕೊಂಡಿಗಳ ನಡುವಿನ ಅಂತರ ಹೆಚ್ಚುವುದು. ಇದನ್ನು ಆಡುಮಾತಿನಲ್ಲಿ ‘ಚೈನು ಉದ್ದ ಆಗಿದೆ’ ಎನ್ನುತ್ತಾರೆ. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಪ್ರತಿಯೊಂದು ಕೀಲಿನಲ್ಲಿ ಉಂಟಾದ ಸಡಿಲವು ಒಟ್ಟುಗೂಡಿ ಉದ್ದವಾಗಿ ತೋರುತ್ತದೆ.

ಇಂದಿನ ಸೈಕಲ್ ಸರಪಳಿಯ ಮೂಲರೂಪವಾದ ಬುಷ್-ರೋಲರ್ ಸರಪಳಿಯನ್ನು ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದನು.

ಕಾರಣಗಳು

ಎಣ್ಣೆಯೊಡನೆ ಬೆರೆತ ದೂಳು ಸವೆತದ ಮುಖ್ಯ ಕಾರಣ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ ಭಾಗದ ಎರೆಭೂಮಿಯಲ್ಲಿ ಮಳೆಗಾಲದ ಜಿಗುಟು ಕೆಸರು ಹಲ್ಲುಚಕ್ರಗಳಿಗೆ ಮೆತ್ತಿಕೊಳ್ಳುತ್ತದೆ. ರಾಮದುರ್ಗದ ಕಡೆ ಮರಳುಗಲ್ಲಿನ ಗುಡ್ಡಗಳಿದ್ದು, ಅಲ್ಲಿನ ಗಟ್ಟಿ ಮರಳಿನ ಕಣಗಳು ಕೀಲಿನೊಳಗೆ ಸೇರಿದರೆ ಉಕ್ಕನ್ನು ಅರೆಯುತ್ತವೆ. ಅವೆರಡಕ್ಕಿಂತ ಮಳೆ ಹೆಚ್ಚಿರುವ ಕಿತ್ತೂರಿನಲ್ಲಿ ತುಕ್ಕಿನ ತೊಂದರೆಯೂ ಇದೆ. ಕೊಳೆಯನ್ನು ಒರೆಸದೆ ಮೇಲಿಂದ ಮೇಲೆ ಎಣ್ಣೆ ಬಿಡುವ ರೂಢಿ ಸವೆತವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ.

ಅಳತೆ

ಹೊಸ ಸರಪಳಿಯಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು (12.7 ಮಿ.ಮೀ.) ಅಂತರವಿರುತ್ತದೆ. ಆದುದರಿಂದ 24 ಕೊಂಡಿಗಳು ಸರಿಯಾಗಿ 12 ಇಂಚು. ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ಮಧ್ಯಕ್ಕೆ ಹಿಡಿದಾಗ 24 ಕೊಂಡಿಗಳಾಚೆಯ ಪಿನ್ನು 12 ಇಂಚಿನ ಗೆರೆಯನ್ನು 1/16 ಇಂಚು ದಾಟಿದ್ದರೆ ಸವೆತ ಸುಮಾರು 0.5%, ಆಗ ಸರಪಳಿಯನ್ನಷ್ಟೇ ಬದಲಿಸಿದರೆ ಸಾಕು. 1/8 ಇಂಚು ದಾಟಿದ್ದರೆ (ಸುಮಾರು 1%) ಹಲ್ಲುಗಳೂ ಕೆಟ್ಟಿರುವ ಸಂಭವ ಹೆಚ್ಚು. ಗೇರಿಲ್ಲದ ಸೈಕಲ್ಲು ಗೇರ್ ಸೈಕಲ್ಲಿಗಿಂತ ಹೆಚ್ಚು ಸವೆತವನ್ನು ತಾಳಿಕೊಳ್ಳುತ್ತದೆ.

ಹಳೆಯ ಸೈಕಲ್ ಕೊಳ್ಳುವಾಗ

ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿದ, 8ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯಿಂದ ಗ್ರಾಮೀಣ ಭಾಗದಲ್ಲಿ ಗೇರಿಲ್ಲದ ಸೈಕಲ್ಲುಗಳ ಬಳಕೆ ಹೆಚ್ಚಿತು. ಇಂಥ ಸೈಕಲ್ಲನ್ನು ಎರಡನೆಯ ಕೈಯಿಂದ ಕೊಳ್ಳುವವರು ಹೊಸ ಬಣ್ಣಕ್ಕಿಂತ ಮೊದಲು ಚೈನ್‌ಕವರಿನ ಒಳಭಾಗವನ್ನು ನೋಡಬೇಕು. ಹಿಂದಿನ ಚಕ್ರವನ್ನು ಫ್ರೇಮಿನ ಸೀಳಿನ ತುದಿಯವರೆಗೂ ಎಳೆದು ಬಿಗಿದಿದ್ದರೆ ಸರಪಳಿ ಬಹಳ ಸವೆದಿರಬಹುದು. ಕೊಂಡಿ ತೆಗೆದು ಸರಪಳಿಯನ್ನು ಗಿಡ್ಡ ಮಾಡಿದ್ದರೆ ಜೋಲು ಮಾತ್ರ ಮರೆಯಾಗುತ್ತದೆ, ಉಳಿದ ಕೊಂಡಿಗಳ ಅಂತರ ಹಾಗೆಯೇ ಇರುತ್ತದೆ. ಮಾರುವವರು ಹೊಸ ಸರಪಳಿ ಹಾಕಿಸಿದ್ದರೂ ಫ್ರೀವೀಲಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಪ್ರಯೋಜನವಿಲ್ಲ: ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಸರಪಳಿ ಹಲ್ಲಿನಿಂದ ಹಾರಿ, ಪೆಡಲ್ ಒಮ್ಮೆಲೇ ಕುಸಿದು ಸವಾರ ಬೀಳಬಹುದು. ಆದ್ದರಿಂದ ಯಲ್ಲಮ್ಮನ ಗುಡ್ಡದಂತಹ ಏರುದಾರಿಗೆ ಹೋಗುವ ಮುನ್ನ, ಸಮತಟ್ಟಾದ ಖಾಲಿ ಜಾಗದಲ್ಲಿ ಸೀಟಿನ ಮೇಲೆ ಕುಳಿತೇ ಬಲವಾಗಿ ತುಳಿದು ಪರೀಕ್ಷಿಸುವುದು ಸೂಕ್ತ.