ಒಂದೇ ವರ್ಷದ ಎರಡು ಪುಸ್ತಕಗಳು

ಬೇಳೆಯ ಬೆಲೆ ಏರಿದರೆ ಸರಕಾರ ಏಕೆ ಸುಮ್ಮನಿದೆ ಎನ್ನುತ್ತೇವೆ. ಸರಕಾರ ಕೈಹಾಕಿದರೆ ಅಂಗಡಿಯಲ್ಲಿ ಬೇಳೆಯೇ ಮಾಯವಾಯಿತು ಎನ್ನುತ್ತೇವೆ. ನಮ್ಮ ಈ ಎರಡು ದೂರುಗಳ ಹಿಂದೆಯೂ ಒಂದೊಂದು ಮಹತ್ವದ ಗ್ರಂಥವುಂಟು. ಎರಡೂ ಪ್ರಕಟವಾದದ್ದು 1944ರಲ್ಲಿ. ಇಬ್ಬರು ಲೇಖಕರೂ ಹುಟ್ಟಿದ್ದು ವಿಯೆನ್ನಾದಲ್ಲಿ.

ಫ್ರೆಡ್ರಿಕ್ ಹಾಯೆಕ್ 1931ರಲ್ಲಿ ಲಂಡನ್ನಿಗೆ ಬಂದು ಅಧ್ಯಾಪಕರಾದವರು. ಅವರ 'ದಿ ರೋಡ್ ಟು ಸರ್ಫ್‌ಡಮ್', ಎಂದರೆ ಜೀತದ ಹಾದಿ, 1945ರಲ್ಲಿ ರೀಡರ್ಸ್ ಡೈಜೆಸ್ಟಿನ ಸಂಗ್ರಹದ ಮೂಲಕ ಮನೆಮಾತಾಯಿತು. ಯಾರಿಗೆ ಏನು, ಎಷ್ಟು ಎಂಬುದನ್ನೆಲ್ಲ ಒಂದೇ ಕೇಂದ್ರ ನಿರ್ಧರಿಸಹೊರಟರೆ ವ್ಯಕ್ತಿಸ್ವಾತಂತ್ರ್ಯ ಉಳಿಯದು ಎಂಬುದು ಅದರ ಎಚ್ಚರಿಕೆ. ಕಡತಗಳ ನಡುವೆ ದಿನ ಕಳೆಯುವ ನಮಗೆ ಈ ಭಯ ಅರ್ಥವಾಗದೆ ಇಲ್ಲ.

ಕಾರ್ಲ್ ಪೊಲಾನ್ಯಿ ಬುಡಾಪೆಸ್ಟಿನಲ್ಲಿ ಬೆಳೆದು, 1933ರಲ್ಲಿ ವಿಯೆನ್ನಾ ತೊರೆದು, ಇಂಗ್ಲೆಂಡಿನಲ್ಲಿ ಕಾರ್ಮಿಕರಿಗೆ ಪಾಠ ಹೇಳಿದವರು. ಅವರ 'ದಿ ಗ್ರೇಟ್ ಟ್ರಾನ್ಸ್‌ಫರ್ಮೇಷನ್' ಎಂಬ ಗ್ರಂಥದ ವಾದ ಬೇರೆ. ಭೂಮಿ, ದುಡಿಮೆ, ಹಣ ಇವು ಮಾರಾಟಕ್ಕೆಂದು ತಯಾರಾದ ಸರಕುಗಳಲ್ಲ. ಅವನ್ನು ಪೂರ್ತಿಯಾಗಿ ಪೇಟೆಗೆ ಒಪ್ಪಿಸಿದರೆ ಸಮಾಜ ಒಡೆಯುತ್ತದೆ ಎನ್ನುತ್ತಾರೆ ಅವರು.

ಪೊಲಾನ್ಯಿ ತಮ್ಮ ವಾದಕ್ಕೆ ಹತ್ತೊಂಬತ್ತನೆಯ ಶತಮಾನದ ಭಾರತದ ಕ್ಷಾಮಗಳನ್ನೂ ಉದಾಹರಿಸುತ್ತಾರೆ. ಬೆಳೆ ಹೋಯಿತು, ನಿಜ. ಆದರೆ ರೈಲಿನಲ್ಲಿ ಧಾನ್ಯ ತರಿಸಬಹುದಿತ್ತು. ಏರಿದ ಬೆಲೆಗೆ ಕೊಳ್ಳುವ ಶಕ್ತಿ ಜನರಿಗಿರಲಿಲ್ಲ. ಓದುವಾಗ ನಮಗೆ ನೆನಪಾದದ್ದು ಹಿರಿಯರು ಹೇಳುತ್ತಿದ್ದ ಧಾತು-ಈಶ್ವರ ಕ್ಷಾಮ. 1876ರಿಂದ 1878ರವರೆಗೆ ಅದು ಮೈಸೂರು, ಬಳ್ಳಾರಿ, ಧಾರವಾಡ, ವಿಜಾಪುರ ಸೀಮೆಗಳನ್ನು ಸುಟ್ಟಿತು. ವೈಸರಾಯ್ ಲಿಟ್ಟನ್ನರ ಸರಕಾರ ಧಾನ್ಯದ ವ್ಯಾಪಾರಕ್ಕೆ ಕೈಹಾಕಲೊಲ್ಲದು. ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದರು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಹಾಗೆಂದು ಹಾಯೆಕ್ ಅವರನ್ನು ಹಸಿದವರ ವೈರಿಯೆಂದು ಎಣಿಸುವುದು ಅನ್ಯಾಯ. ಪ್ರತಿಯೊಬ್ಬರಿಗೂ ಕನಿಷ್ಠ ಅನ್ನ, ಬಟ್ಟೆ, ಸೂರು ದೊರಕಿಸುವುದು ಸ್ವಾತಂತ್ರ್ಯಕ್ಕೆ ವಿರೋಧವಲ್ಲವೆಂದು ಅದೇ ಪುಸ್ತಕದಲ್ಲಿ ಅವರು ಬರೆದಿದ್ದಾರೆ. ಅವರ ಹೆಸರಿನಲ್ಲಿ ವಾದಿಸುವ ಎಷ್ಟೋ ಮಂದಿ ಈ ಮಾತನ್ನು ಓದಿದಂತೆ ಕಾಣುವುದಿಲ್ಲ.

ಪೊಲಾನ್ಯಿ 1964ರಲ್ಲಿ ತೀರಿಕೊಂಡರು. ಹಾಯೆಕ್ ಅವರಿಗೆ 1974ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಬ್ಬರ ವಾದ ಇನ್ನೂ ಮುಗಿದಿಲ್ಲ. ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳು ಒಂದನ್ನು ಕೈಗೆತ್ತಿಕೊಂಡರೆ ಇನ್ನೊಂದನ್ನೂ ಓದಲಿ. ಜೊತೆಗೆ ಧಾತು-ಈಶ್ವರದ ಕಥೆಯನ್ನು ಮನೆಯ ಹಿರಿಯರಿಂದ ಕೇಳಲಿ.