ಫುಲ್‌ಬ್ರೈಟ್ ವಿದ್ಯಾರ್ಥಿವೇತನ

ವಿದೇಶಿ ಪದವೀಧರರನ್ನು ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ಕರೆಸಿಕೊಳ್ಳುವ, ಅಮೆರಿಕನ್ನರನ್ನು ಹೊರದೇಶಗಳಿಗೆ ಕಳಿಸುವ ಸರ್ಕಾರಿ ಯೋಜನೆ. ಇದರ ಮೂಲ ಬಂಡವಾಳ ಯುದ್ಧದಲ್ಲಿ ಮಿಕ್ಕ ಸಾಮಾನು.

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಲಾರಿ, ಯಂತ್ರ, ಉಗ್ರಾಣದ ಸರಕು ಹಲವು ದೇಶಗಳಲ್ಲಿ ಬಿದ್ದಿದ್ದವು. ವಾಪಸು ಸಾಗಿಸುವುದು ದುಬಾರಿ. ಕೊಳ್ಳಬೇಕಾದವರ ಬಳಿ ಡಾಲರ್ ಇಲ್ಲ. ಆಯಾ ದೇಶದ ನಾಣ್ಯದಲ್ಲೇ ಬೆಲೆ ಪಡೆದು ಅದನ್ನು ವಿದ್ಯಾಭ್ಯಾಸಕ್ಕೆ ಬಳಸೋಣ ಎಂದವರು ಆರ್ಕನ್ಸಾದ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್. ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದಿಬಂದಿದ್ದ ಅವರಿಗೆ ಪರದೇಶದ ಓದಿನ ರುಚಿ ಗೊತ್ತಿತ್ತು. ತೆರಿಗೆದಾರರ ಮುಂದೆ ಹೊಸದಾಗಿ ಕೈಯೊಡ್ಡಬೇಕಿಲ್ಲದ ಈ ಮಸೂದೆಗೆ ಅಧ್ಯಕ್ಷ ಟ್ರೂಮನ್ 1946ರ ಆಗಸ್ಟ್ 1ರಂದು ಸಹಿ ಹಾಕಿದರು. ಮೊದಲ ಒಪ್ಪಂದ 1947ರಲ್ಲಿ ಚೀನಾದೊಂದಿಗೆ ಆಯಿತು. ಕಮ್ಯುನಿಸ್ಟ್ ಕ್ರಾಂತಿಯಾದೊಡನೆ ಅದು ನಿಂತೂ ಹೋಯಿತು.

ಈ ಜಾಣತನದಲ್ಲೊಂದು ತೊಡಕಿತ್ತು. ರೂಪಾಯಿಯಲ್ಲೋ ಪೌಂಡಿನಲ್ಲೋ ಇದ್ದ ಹಣ ಅಮೆರಿಕದೊಳಗೆ ನಡೆಯುವುದಿಲ್ಲ. ಹಾಗಾಗಿ ಅಲ್ಲಿಗೆ ಹೋಗುವ ವಿದೇಶಿ ವಿದ್ಯಾರ್ಥಿಗೆ ಮೂಲ ಕಾಯ್ದೆಯಿಂದ ಸಿಗುತ್ತಿದ್ದದ್ದು ಪ್ರಯಾಣದ ಖರ್ಚು ಮಾತ್ರ! ಶುಲ್ಕ, ಊಟ, ವಸತಿಗೆ ಡಾಲರ್ ಬೇರೆಡೆಯಿಂದ ಒದಗಬೇಕಿತ್ತು: ವಿಶ್ವವಿದ್ಯಾಲಯಗಳ ನೆರವಿನಿಂದ, ಇಲ್ಲವೇ 1948ರ ಸ್ಮಿತ್-ಮಂಟ್ ಕಾಯ್ದೆಯ ಅನುದಾನದಿಂದ. 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆ ಈ ಹರಕು ವ್ಯವಸ್ಥೆಗಳನ್ನೆಲ್ಲ ಒಗ್ಗೂಡಿಸಿ, ಪಾಲುದಾರ ದೇಶಗಳೂ ಹಣ ಹಾಕಲು ದಾರಿ ಮಾಡಿತು.

ಭಾರತ 1950ರ ಫೆಬ್ರುವರಿ 2ರಂದು ಒಪ್ಪಂದಕ್ಕೆ ಸೇರಿತು. ಕನ್ನಡಕ್ಕೆ ಅದರ ಫಲ ಸಣ್ಣದಲ್ಲ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ, 1963ರಲ್ಲಿ ಭಾಷಾವಿಜ್ಞಾನದ ಪಿಎಚ್‌.ಡಿ. ಪಡೆದರು. ಮುಂದೆ ಷಿಕಾಗೋದಲ್ಲಿದ್ದುಕೊಂಡೇ ವಚನಗಳನ್ನೂ ‘ಸಂಸ್ಕಾರ’ವನ್ನೂ ಇಂಗ್ಲಿಷಿಗೆ ತಂದರು. 1987-88ರಲ್ಲಿ ಗಿರೀಶ ಕಾರ್ನಾಡರು ಫುಲ್‌ಬ್ರೈಟ್ ನಾಟಕಕಾರರಾಗಿ ಅದೇ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು. ‘ನಾಗಮಂಡಲ’ಕ್ಕೆ ಆಧಾರವಾದ ಜನಪದ ಕಥೆಗಳನ್ನು ಅವರಿಗೆ ಹೇಳಿದವರು ರಾಮಾನುಜನ್. ಇಂಥ ಲಾಭವನ್ನು ಯಾವ ಲೆಕ್ಕಪರಿಶೋಧಕ ತಾನೇ ಹಿಡಿದಾನು?

2008ರ ಹೊಸ ಒಪ್ಪಂದದಲ್ಲಿ ಭಾರತ ಸರಿಸಮ ಪಾಲುದಾರನಾಯಿತು. ವಿದ್ಯಾರ್ಥಿವೇತನಗಳ ಹೆಸರಿಗೆ ನೆಹರೂ ಸೇರಿದರು.

ಸರ್ಕಾರದ ದುಡ್ಡು ಎಂದ ಮೇಲೆ ರಾಜಕೀಯದ ಗಾಳಿ ಸೋಕದಿರದು. ವಿಯೆಟ್ನಾಂ ಯುದ್ಧವನ್ನು ಫುಲ್‌ಬ್ರೈಟ್ ಬಹಿರಂಗವಾಗಿ ವಿರೋಧಿಸುತ್ತಿದ್ದ 1960ರ ದಶಕದ ಕೊನೆಯಲ್ಲಿ ಯೋಜನೆಯ ಅನುದಾನಕ್ಕೆ ದೊಡ್ಡ ಕತ್ತರಿ ಬಿತ್ತು. ಚೀನಾದೊಂದಿಗೆ ನಡುವೆ ಮತ್ತೆ ಶುರುವಾಗಿದ್ದ ವಿನಿಮಯವನ್ನು, ಹಾಂಗ್‌ಕಾಂಗ್‌ನದನ್ನೂ ಸೇರಿಸಿ, 2020ರಲ್ಲಿ ಟ್ರಂಪ್ ಸರ್ಕಾರ ನಿಲ್ಲಿಸಿತು. ಮತ್ತೆ ಟ್ರಂಪ್ ಆಳ್ವಿಕೆಯಲ್ಲೇ, 2025ರ ಜೂನ್‌ನಲ್ಲಿ, ಅಭ್ಯರ್ಥಿಗಳ ಆಯ್ಕೆಯಲ್ಲಿ ಸರ್ಕಾರ ಕೈಹಾಕುತ್ತಿದೆ ಎಂದು ದೂರಿ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಎಲ್ಲ ಸದಸ್ಯರೂ ರಾಜೀನಾಮೆ ಕೊಟ್ಟರು.