ಕೊಂಡಿಯ ಹೊರರೇಖೆ

ರೈಲಿನಲ್ಲಿ ಕುಳಿತವರು ಗಾಡಿಯ ವೇಗವನ್ನು ಗಮನಿಸುತ್ತಾರೆ, ಕಿಟಕಿಯಾಚೆಯ ಹೊಲಗದ್ದೆಗಳನ್ನು ನೋಡುತ್ತಾರೆ. ಡಬ್ಬಿಗೆ ಡಬ್ಬಿಯನ್ನು ಬಿಗಿದಿರುವ ಕೊಂಡಿಯತ್ತ ಕಣ್ಣು ಹಾಯಿಸುವವರು ವಿರಳ. ಆದರೆ ಆ ಕೊಂಡಿಗೂ ಒಂದು ಇತಿಹಾಸವುಂಟು. ಒಬ್ಬನ ಬುದ್ಧಿಯ ಒಡೆತನ, ಹಲವರ ಪ್ರಾಣದ ರಕ್ಷಣೆ, ಇವೆರಡೂ ಎದುರುಬದುರಾಗಿ ನಿಂತ ಇತಿಹಾಸವದು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಡಬ್ಬಿಗಳನ್ನು ಜೋಡಿಸುತ್ತಿದ್ದುದು ಒಂದು ಕಬ್ಬಿಣದ ಬಳೆ ಮತ್ತು ಒಂದು ಗೂಟದಿಂದ. ನಿಂತ ಡಬ್ಬಿಯತ್ತ ಇನ್ನೊಂದು ಉರುಳಿ ಬರುತ್ತಿರುವಾಗ, ನಡುವೆ ನಿಂತ ಕೆಲಸಗಾರನು ಬಳೆಯನ್ನು ಕೈಯಿಂದ ಹಿಡಿದು ಎದುರಿನ ಕುಳಿಗೆ ತೂರಿಸಿ ಗೂಟವನ್ನು ಇಳಿಸಬೇಕು. ಕ್ಷಣ ತಪ್ಪಿದರೆ ಬೆರಳು ಹೋಯಿತು. ಕಾಲು ಜಾರಿದರೆ ಪ್ರಾಣವೇ ಹೋಯಿತು. ಈ ಕೆಲಸಗಾರರಿಗೆ ಯುದ್ಧಭೂಮಿಯ ಸೈನಿಕನಿಗಿರುವಷ್ಟೇ ಅಪಾಯವಿರುವುದು ನಾಗರಿಕತೆಗೆ ಕಳಂಕವೆಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ 1889ರಲ್ಲಿ ಕಾಂಗ್ರೆಸ್ಸಿಗೆ ತಿಳಿಸಿದನು.

ಪರಿಹಾರವನ್ನು ಕಂಡವನು ವರ್ಜೀನಿಯಾದ ಅಲೆಕ್ಸಾಂಡ್ರಿಯದಲ್ಲಿ ಜವಳಿ ಅಂಗಡಿಯ ಗುಮಾಸ್ತನಾಗಿದ್ದ ಈಲೈ ಜಾನಿ. ಎರಡು ಕೈಗಳ ಬೆರಳುಗಳನ್ನು ಮಡಿಸಿ ಒಂದಕ್ಕೊಂದು ಸಿಕ್ಕಿಸಿದಂತೆ, ಡಿಕ್ಕಿಯಾದೊಡನೆ ತಾವಾಗಿಯೇ ಹೆಣೆದುಕೊಳ್ಳುವ ಕೊಂಡಿಯೊಂದನ್ನು ಆತ ರೂಪಿಸಿ 1873ರಲ್ಲಿ ಪೇಟೆಂಟು ಪಡೆದನು.

ಇಲ್ಲಿ ತೊಡಕು ಹುಟ್ಟಿತು. ಒಂದು ರೈಲ್ವೆಯ ಡಬ್ಬಿ ಇನ್ನೊಂದರ ದಾರಿಯಲ್ಲಿ ಓಡಬೇಕಾದುದರಿಂದ ಕೊಂಡಿಗಳೆಲ್ಲ ಒಂದೇ ಬಗೆಯವಾಗಬೇಕು. ಆದರೆ ಒಬ್ಬನ ಪೇಟೆಂಟಿನಲ್ಲಿರುವ ವಸ್ತುವನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ, ಅವನ ಕೈಗೊಂದು ಸುಂಕದ ಕಟ್ಟೆಯನ್ನೇ ಕಟ್ಟಿಕೊಟ್ಟಂತೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು?

ಡಬ್ಬಿ ನಿರ್ಮಾಪಕರ ಸಂಘವು 1887ರಲ್ಲಿ ಜಾನಿಯ ಮಾದರಿಯನ್ನು ಆರಿಸಿತು; ಆದರೆ ಒಂದಕ್ಕೊಂದು ತಗಲುವ ಹೊರರೇಖೆಯ ಮೇಲಿನ ಹಕ್ಕನ್ನು ಬಿಟ್ಟುಕೊಡಬೇಕೆಂದು ಕೇಳಿತು. ಅವನ ಕಂಪನಿ ಒಪ್ಪಿತು. ಒಳಗಿನ ಬೀಗ, ಕೀಲುಗಳ ರಚನೆ ಅವರವರ ಸ್ವತ್ತಾಗಿಯೇ ಉಳಿಯಿತು. ಮುಖ ಮಾತ್ರ ಎಲ್ಲರದಾಯಿತು. ಇದನ್ನು ಬರಿಯ ತ್ಯಾಗವೆನ್ನಲಾಗದು. ಅಂದಿನ ಪೇಟೆಂಟಿನ ಆಯುಷ್ಯ 17 ವರ್ಷ. ಅದರಲ್ಲಿ ಹೆಚ್ಚಿನ ಭಾಗ ಕಳೆದಿತ್ತು. ತನ್ನ ಮಾದರಿಯೇ ದೇಶದ ಮಾದರಿಯಾಗುವುದು ಕಂಪನಿಗೂ ಲಾಭವೇ. ಆದರೂ ಆ ವಿವೇಕದಿಂದ ಬಾಗಿಲು ತೆರೆಯಿತು.

1893ರಲ್ಲಿ ಕಾಂಗ್ರೆಸ್ಸು ರೈಲ್ವೆ ಸುರಕ್ಷತಾ ಕಾಯಿದೆಯನ್ನು ಮಾಡಿತು. ಅದು ಜಾನಿಯ ಹೆಸರನ್ನೆತ್ತಲಿಲ್ಲ. ಡಿಕ್ಕಿಯಿಂದ ತಾನಾಗಿಯೇ ಸೇರುವ, ಮನುಷ್ಯ ನಡುವೆ ಹೋಗದೆಯೇ ಬಿಡಿಸಬಹುದಾದ ಕೊಂಡಿ ಬೇಕೆಂದಷ್ಟೇ ಹೇಳಿತು. ಯಂತ್ರವನ್ನು ಹೆಸರಿಸದೆ ಫಲವನ್ನು ವಿಧಿಸಿದ್ದು ಜಾಣತನ. ಹೊಸ ಶೋಧಕನಿಗೂ ದಾರಿ ತೆರೆದಿರುತ್ತದೆ.

ಆದರೆ ಅಷ್ಟೇ ಸಾಲದೆಂಬುದನ್ನು 1900ರ ಆಗಸ್ಟಿನಲ್ಲಿ ಯೂಟಾ ಪ್ರಾಂತದ ಪ್ರೊಮಂಟರಿಯಲ್ಲಿ ಜಾನ್ಸನ್ ಎಂಬ ಕೆಲಸಗಾರ ತನ್ನ ಕೈಯನ್ನೇ ತೆತ್ತು ತೋರಿಸಬೇಕಾಯಿತು. ಎಂಜಿನ್ನಿನಲ್ಲಿದ್ದುದು ಜಾನಿಯ ಕೊಂಡಿ. ಊಟದ ಡಬ್ಬಿಯಲ್ಲಿದ್ದುದು ಮಿಲ್ಲರನ ಕೊಕ್ಕೆ. ಎರಡೂ ತಮ್ಮ ಜಾತಿಯವುಗಳೊಡನೆ ತಾವಾಗಿ ಸೇರುತ್ತಿದ್ದವು, ಪರಸ್ಪರ ಸೇರುತ್ತಿರಲಿಲ್ಲ. ಆತ ನಡುವೆ ಹೋಗಬೇಕಾಯಿತು; ಕೈ ಜಜ್ಜಿಹೋಯಿತು. ಎರಡೂ ಸ್ವಯಂಚಾಲಿತವೇ, ಕಾಯಿದೆ ಪಾಲನೆಯಾಗಿದೆಯೆಂದು ಮೇಲ್ಮನವಿಯ ನ್ಯಾಯಾಲಯ ರೈಲ್ವೆಯ ಪರ ನಿಂತಿತು. 1904ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು: ಕೊಂಡಿಗಳು ಒಂದಕ್ಕೊಂದು ತಾವಾಗಿ ಸೇರಬೇಕು, ಅದೇ ಕಾಯಿದೆಯ ಅರ್ಥ.

ಜಾನಿಯ ವಂಶಕ್ಕೆ ಸೇರಿದ ನಡುಕೊಂಡಿಗಳನ್ನು ಇಂದು ನಮ್ಮ ಸರಕುಗಾಡಿಗಳಲ್ಲಿಯೂ ಕಾಣಬಹುದು. ಶೋಧಕನಿಗೆ ಅವನ ಶ್ರಮದ ಫಲ ಸಲ್ಲಲೇಬೇಕು. ಇಲ್ಲವಾದರೆ ಶೋಧಿಸುವವರು ಯಾರು? ಆದರೆ ಕಾನೂನು ಎಲ್ಲರನ್ನೂ ಒಂದು ಬಾಗಿಲಿನಿಂದಲೇ ಹಾದುಹೋಗಿರೆಂದು ಆಜ್ಞಾಪಿಸಿದಾಗ, ಆ ಬಾಗಿಲಿನ ಬೀಗದ ಕೈ ಒಬ್ಬನ ಸೊಂಟದಲ್ಲಿ ಉಳಿಯಬಾರದು. ಎಷ್ಟನ್ನು ಬಿಟ್ಟುಕೊಡಬೇಕು, ಎಷ್ಟನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಆ ಹೊರರೇಖೆ ಒಂದು ಅಳತೆಗೋಲು: ಇನ್ನೊಬ್ಬರೊಡನೆ ಸೇರಬೇಕಾದ ಭಾಗವಷ್ಟು ಎಲ್ಲರದು, ಉಳಿದದ್ದು ತನ್ನದು.